ಮಿಲಿಟರಿ ಕಾಕಾನಿಗೆ ಬಂದ ಕಲ್ಲು

ಹೋದ ವಾರ ಹಳಿಯಾಳದ ಪೇಟೆಯಲ್ಲಿ ಪಾತ್ರೆ ಅಂಗಡಿಗೆ ಹೋಗಿದ್ದೆ. ತಂಗಿಯ ಮಗಳ ಮದುವೆಗೆ ಒಂದು ಹಿತ್ತಾಳೆ ಕೊಡ ತೆಗೆದುಕೊಳ್ಳಬೇಕಿತ್ತು. ಅಂಗಡಿಯವರು ಕೊಡವನ್ನು ತೊಡೆಯ ಮೇಲಿಟ್ಟುಕೊಂಡು, ಹಳೇ ಬನಿಯನ್ ತುಂಡಿಗೆ ಪಾಲಿಶ್ ಹಚ್ಚಿ ಉಜ್ಜತೊಡಗಿದರು. ಆ ವಾಸನೆ... ಸೀಮೆಎಣ್ಣೆಯದೂ ಅಲ್ಲ, ಸುಣ್ಣದ್ದೂ ಅಲ್ಲ, ಎರಡೂ ಸೇರಿ ಮೂಗಿನ ಬುಡಕ್ಕೆ ಹತ್ತುವಂಥದ್ದು. ಮೈಯೆಲ್ಲ ಉರಿದುಹೋಯಿತು ನನಗೆ. ಈ ವಯಸ್ಸಿನಲ್ಲೂ, ಸತ್ತು ಆರು ವರ್ಷವಾದ ಮನುಷ್ಯನ ಮೇಲೆ ಸಿಟ್ಟು ಬರುತ್ತದೆ ಎಂದರೆ ನೋಡಿ.

ಅವರನ್ನು ನಾವೆಲ್ಲ ಮಿಲಿಟರಿ ಕಾಕಾ ಎನ್ನುತ್ತಿದ್ದೆವು. ದಾಂಡೇಲಿಯಲ್ಲಿ ನಮ್ಮ ಮನೆಯ ಎದುರಿಗೇ ಅವರ ಸೈಕಲ್ ರಿಪೇರಿ ಅಂಗಡಿ. ನಮ್ಮಪ್ಪ ಮಿಲ್ಲಿಗೆ ಹೋಗುವ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದವರು ಅವರೇ, ನನಗೆ ಸೈಕಲ್ ಕಲಿಸಿದವರೂ ಅವರೇ. ಹೆಂಡತಿ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಎಡಗಾಲು ಸ್ವಲ್ಪ ಕುಂಟು. ಪ್ರತಿ ಶನಿವಾರ ಸಂಜೆ ಕೈಗೆ ಹತ್ತಿದ ಗ್ರೀಸ್ ಒರೆಸಿಕೊಂಡು, ಅಂಗಡಿಯ ಮುಂದೆ ಸ್ಟೂಲ್ ಹಾಕಿ ಕೂತು, ಒಂದು ಮಿಲಿಟರಿ ಬೆಲ್ಟಿನ ಹಿತ್ತಾಳೆ ಬಕ್ಕಲ್ಲನ್ನು ತಿಕ್ಕುತ್ತಿದ್ದರು. ಆಗ ಓಣಿಯ ಮಕ್ಕಳೆಲ್ಲ ಅವರ ಸುತ್ತ ಕೂರುತ್ತಿದ್ದೆವು, ಕಥೆ ಕೇಳುವುದಕ್ಕೆ.

ಎಂಥ ಕಥೆ! ಬೂಟಿನ ಲಾಡಿ ಒಂದಕ್ಕೊಂದು ಗಂಟು ಹಾಕಿ ಕೊರಳಿಗೆ ತೂಗುಬಿಟ್ಟುಕೊಂಡು, ಬಂದೂಕು ತಲೆಯ ಮೇಲೆತ್ತಿ, ಎದೆಮಟ್ಟದ ನೀರಿನಲ್ಲಿ ನದಿ ದಾಟಿದ್ದು. ನಡುನೀರಿನಲ್ಲಿ ಕೆಮ್ಮು ಬಂದರೆ ತುಟಿ ಕಚ್ಚಿ ನುಂಗಿದ್ದು. ಕೇಳುತ್ತ ಕೇಳುತ್ತ ನಾನೂ ತುಟಿ ಕಚ್ಚಿ ಕೂರುತ್ತಿದ್ದೆ. ಗುಂಡು ಎಷ್ಟು ಹಾರಿಸಿದಿರಿ ಎಂದು ಯಾರಾದರೂ ಕೇಳಿದರೆ ಮಾತ್ರ ನಗುತ್ತಿದ್ದರು. "ಗುಂಡಿಂದ ಬಿಡ್ರಿ. ಮುನ್ನೂರು ಮಂದಿಗೆ ಚಹಾ ಹೆಂಗ ಕಾಸೋದು ಅದನ್ನ ಕೇಳ್ರಿ, ಹೇಳ್ತೇನಿ" ಎಂದು ಹಂಡೆ, ಸಕ್ಕರೆ, ಹಸಿ ಕಟ್ಟಿಗೆ ಎಂದು ಶುರುಮಾಡಿದರೆ ನಮಗೆ ಬೇಜಾರು. ಅಯ್ಯೋ ದೇವರೇ, ಆಗಲೇ ನನಗೆ ತಿಳಿಯಬೇಕಿತ್ತು. ಚಹಾದ ವಿಷಯದಲ್ಲಿ ಆ ಮನುಷ್ಯ ಒಂದು ಸುಳ್ಳನ್ನೂ ಹೇಳಿರಲಿಲ್ಲ.

ಮುಂದೆ ನಾನು ಅದೇ ಊರಿನಲ್ಲಿ ಶಿಕ್ಷಕಿಯಾದೆ, ಮುಖ್ಯೋಪಾಧ್ಯಾಯಿನಿಯೂ ಆದೆ. ಹುದ್ದೆಗೆ ಬಂದ ವರ್ಷವೇ, ಸ್ವಾತಂತ್ರ್ಯ ದಿನದ ಧ್ವಜ ಹಾರಿಸಲು ಯಾವ ಪುಢಾರಿಯೂ ಬೇಡ, ನಮ್ಮ ಕಾಕಾನೇ ಬರಲಿ ಎಂದು ಹಟ ಹಿಡಿದೆ. ಅವರು ಮೊದಲು ಒಲ್ಲೆ ಎಂದರು. "ಬ್ಯಾಡ್ರಿ ಅಕ್ಕೋರ, ಅದು ದೊಡ್ಡ ಮಂದಿ ಕೆಲಸ." ವಿನಯ ಎಂದುಕೊಂಡೆ. ಎಳೆದುಕೊಂಡು ಬಂದೆ. ಅಲ್ಲಿಂದ ಮುಂದೆ ಪ್ರತಿ ವರ್ಷವೂ ಅವರೇ. ಇಸ್ತ್ರಿ ಮಾಡಿದ ಅಂಗಿ, ಸೊಂಟದಲ್ಲಿ ಫಳಫಳ ಹೊಳೆಯುವ ಬಕ್ಕಲ್ಲು. ಈ ಕಾಲನ್ನು ಇವರು ದೇಶಕ್ಕೆ ಕೊಟ್ಟಿದ್ದಾರೆ ಮಕ್ಕಳೇ ಎಂದು ನಾನು ಮೈಕಿನಲ್ಲಿ ಹೇಳುತ್ತಿದ್ದೆ. ಅವರು ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಆ ಮಾತು ಕೇಳಿ ನಮ್ಮ ಶಾಲೆಯ ಇಬ್ಬರು ಸೈನ್ಯದ ಭರ್ತಿಗೂ ಹೋದರು.

ಒಂದು ದಿನ ಪೇಪರಿನಲ್ಲಿ ಸಣ್ಣ ಸುದ್ದಿ ಬಂತು. ತೀರಿಕೊಂಡ ಮಾಜಿ ಸೈನಿಕರ ಸಮಾಧಿಗೆ ಸರ್ಕಾರ ಹೆಸರು ಕೆತ್ತಿಸಿದ ಕಲ್ಲು ಕೊಡುತ್ತದಂತೆ. ಅಂಗಡಿಗೆ ಹೋಗಿ ಓದಿ ಹೇಳಿದೆ. ಕಾಕಾ ಕೈಯಲ್ಲಿದ್ದ ಚಕ್ರವನ್ನು ಕೆಳಗಿಟ್ಟರು. ಇನ್ನೊಮ್ಮೆ ಓದಿಸಿದರು. ಯೋಜನೆ ಜಾರಿಯಾದ ಮೇಲೆ ತೀರಿಕೊಂಡವರಿಗೆ ಮಾತ್ರ ಎಂಬ ಸಾಲು ಬಂದಾಗ ತಡೆದರು.

"ಮೊದಲ ಸತ್ತವರಿಗೆ?"

"ಅವರಿಗೆ ಇಲ್ಲಂತ ಕಾಕಾ."

"ಯಾಕ್ರಿ? ಮೊದಲ ಸತ್ತವರು ಕಡಿಮಿ ಸತ್ತಾರನ?"

ನಾನು ನಕ್ಕೆ. ಅವರು ನಗಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಶಾಲೆಗೇ ಬಂದರು, ಕೈಯಲ್ಲಿ ದಪ್ಪನೆಯ ಲಕೋಟೆ. ಬಾಯಿಯನ್ನು ಟ್ಯೂಬಿಗೆ ಪಂಕ್ಚರ್ ಹಾಕುವ ಸೊಲ್ಯೂಷನ್ನಿನಿಂದ ಅಂಟಿಸಿದ್ದರು. "ಅಕ್ಕೋರ, ನನ್ನ ಪಲ್ಟನ್ನಿನ ಪುಸ್ತಕ, ನಂಬರ್ ಎಲ್ಲಾ ಇದರಾಗ ಐತಿ. ತೆರೀಬ್ಯಾಡ್ರಿ. ನಾ ಹೋದ ಮ್ಯಾಲ ಸಾವಿನ ದಾಖಲೆ ಇದಕ್ಕ ಹಚ್ಚಿ ಕೊಟ್ಟುಬಿಡ್ರಿ" ಎಂದರು. ಈಗ್ಯಾಕೆ ಆ ಮಾತು ಎಂದು ಗದರಿದೆ. ಅದಕ್ಕೆ ಅವರು, "ನಮ್ಮ ಖಬರಸ್ತಾನದಾಗ ಜಾಗಾ ಇಲ್ರಿ. ಗುರುತಿಲ್ಲದ ಗೋರಿ ಮ್ಯಾಲ ಇನ್ನೊಂದು ಅಗಿತಾರ. ಕಲ್ಲು ಇದ್ರ ಯಾರೂ ಮುಟ್ಟಂಗಿಲ್ಲ" ಎಂದರು. ನನಗೆ ಕಣ್ಣು ತುಂಬಿತು. ಅಲ್ಲಿಯೇ ಶಾಲೆಯ ಕಾಗದದ ಮೇಲೆ, ಇವರನ್ನು ನಾನು ನಲವತ್ತು ವರ್ಷಗಳಿಂದ ಬಲ್ಲೆ, ಲಗತ್ತಿಸಿದ ದಾಖಲೆಗಳೆಲ್ಲ ಇವರವೇ, ಎಂದು ಬರೆದು ಸಹಿ ಮಾಡಿ ಮೊಹರು ಒತ್ತಿದೆ. ಲಕೋಟೆ ತೆರೆಯಲಿಲ್ಲ. ಬೇರೆಯವರ ಲಕೋಟೆ ತೆರೆಯಬಾರದು ಎಂದು ಮಕ್ಕಳಿಗೆ ಪಾಠ ಹೇಳುವವಳಲ್ಲವೇ ನಾನು.

ಎರಡು ವರ್ಷ ಬಿಟ್ಟು ಅವರು ತೀರಿಕೊಂಡರು. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯಲಿಲ್ಲ, ಅಷ್ಟೇ. ಹೆಂಗಸರು ಖಬರಸ್ತಾನದ ಒಳಗೆ ಹೋಗುವ ಪದ್ಧತಿ ನಮ್ಮೂರಿನಲ್ಲಿಲ್ಲ. ಗೇಟಿನ ಹೊರಗೆ ನಿಂತೆ. ಗೋಡೆಯಾಚೆ, ಬೇವಿನ ಗಿಡದ ಪಕ್ಕ ಮಂದಿ ಬಗ್ಗಿ ಮಣ್ಣು ಹಾಕುವುದು ಕಾಣುತ್ತಿತ್ತು. ಬೆಲ್ಟನ್ನು ನನಗೇ ಕೊಡಬೇಕೆಂದು ಹೇಳಿಟ್ಟಿದ್ದರಂತೆ, ಜಮಾತಿನವರು ತಂದುಕೊಟ್ಟರು.

ಆಮೇಲೆ ನಾನು ಅಲೆದದ್ದು ಅಷ್ಟಿಷ್ಟಲ್ಲ. ಸಾವಿನ ದಾಖಲೆ ತಂದೆ, ಲಕೋಟೆಗೆ ಲಗತ್ತಿಸಿದೆ, ಬಸ್ಸು ಹತ್ತಿ ಮಾಜಿ ಸೈನಿಕರ ಕಚೇರಿಗೆ ಹೋದೆ. ಅಲ್ಲಿ ಟೇಬಲ್ಲಿನ ಹಿಂದೆ ಕೂತಿದ್ದವನು ನನ್ನ ಹಳೇ ವಿದ್ಯಾರ್ಥಿ. ಎದ್ದು ನಿಂತು ಖುರ್ಚಿ ಕೊಟ್ಟ. ನನ್ನ ಪತ್ರ ನೋಡಿದವನೇ ಕಡತ ಮುಂದಕ್ಕೆ ಕಳಿಸಿದ. ನಾಲ್ಕು ಬಾರಿ ವಿಚಾರಿಸಲು ಹೋದೆ, ಬಿಸಿಲಿನಲ್ಲಿ, ಮಳೆಯಲ್ಲಿ. ವರ್ಷ ತುಂಬುವ ಹೊತ್ತಿಗೆ ಕಲ್ಲು ಬಂತೆಂದು ಅವನೇ ಫೋನು ಮಾಡಿದ. ಖುಷಿಗೆ ಊಟ ಬಿಟ್ಟು ಗೂಡ್ಸ್ ಗಾಡಿ ಮಾಡಿಕೊಂಡು ಹೋದೆ.

ಗೋಣಿಚೀಲ ಬಿಚ್ಚಿದರೆ ಚೆಂದದ ಕರಿಕಲ್ಲು. ಮೇಲೆ ನಂಬರು, ಪಲ್ಟನ್ನು, ಹೆಸರು, ಊರು. ಹೆಸರು ಕಾಕಾನದಲ್ಲ. ಜೋಯಿಡಾ ಕಡೆಯ ಒಂದು ಹಳ್ಳಿಯ, ಬೇರೆಯದೇ ಜಾತಿಯ, ಬೇರೆಯದೇ ಮನುಷ್ಯನ ಹೆಸರು!

"ಕಣ್ಣು ಎಲ್ಲಿ ಇಟ್ಟಿದ್ದಿ?" ಎಂದು ಹುಡುಗನ ಮೇಲೆ ಹರಿಹಾಯ್ದೆ. ಅವನು ಬೆವರುತ್ತ ಕಡತ ತಂದ. ಪಲ್ಟನ್ನಿನ ಪುಸ್ತಕ ಬಿಚ್ಚಿದೆ. ಒಳಗಿನ ಫೋಟೋದಲ್ಲಿ ಸಣಕಲು ಮುಖದ ಒಬ್ಬ ಯುವಕ, ಕಾಕಾ ಅಲ್ಲವೇ ಅಲ್ಲ. ಕಾಕಾನ ಹೆಸರು ಇದ್ದದ್ದು ಎರಡೇ ಕಡೆ. ಸಾವಿನ ದಾಖಲೆಯಲ್ಲಿ, ಮತ್ತು ನನ್ನ ಪತ್ರದಲ್ಲಿ. "ಅಕ್ಕೋರ ಸಹಿ ಐತಿ ಅಂದ ಮ್ಯಾಲ ನಾ ಏನ್ ನೋಡೋದ್ರಿ? ನಿಮ್ಮ ಅಕ್ಷರ ನೋಡಿ ಹಂಗ ಕಳಿಸಿದ್ನಿ" ಎಂದು ಅವನು ಸಣ್ಣಗೆ ಹೇಳಿದ. ಯಾರಿಗೂ ಹೇಳಬೇಡಿರೆಂದು ಕೈ ಮುಗಿದ. ಆ ಕಲ್ಲನ್ನು ಖಬರಸ್ತಾನಕ್ಕೆ ಒಯ್ಯುವಂತಿರಲಿಲ್ಲ, ಕಚೇರಿಗೆ ಮರಳಿಸಿದರೆ ಹುಡುಗನ ನೌಕರಿ ಹೋಗುತ್ತಿತ್ತು. ಗಾಡಿಯವನಿಗೆ ಜೋಯಿಡಾ ಕಡೆ ನಡಿ ಎಂದೆ.

ಸೂಪಾದ ಹಿನ್ನೀರು ದಾಟಿ, ಕೇಳುತ್ತ ಕೇಳುತ್ತ ಹೋದರೆ ಆರೇಳು ಮನೆಯ ಊರು. ಕಲ್ಲಿನ ಮೇಲಿದ್ದ ಹೆಸರು ಹೇಳಿದ್ದೇ ತಡ, ಒಂದು ಅಂಗಳದಿಂದ ಮುದುಕಿಯೊಬ್ಬರು ಎದ್ದು ಬಂದರು. ಆ ಸೈನಿಕನ ತಂಗಿ. ಗಾಡಿಯಲ್ಲಿದ್ದುದನ್ನು ನೋಡಿ, "ಫಾತರ್ ಆಯ್ಲೊ?" ಎಂದರು. ಕಲ್ಲು ಬಂತೇ ಎಂದು. ನೆಂಟರು ಬಂದರೇ ಎಂದು ಕೇಳುವಷ್ಟು ಸಹಜವಾಗಿ! ಕೆತ್ತಿದ ಅಕ್ಷರಗಳ ಮೇಲೆ ಬೆರಳಾಡಿಸಿದರು. ಆಮೇಲೆ ರಸ್ತೆಯ ಕಡೆ ನೋಡಿ, "ಅವರು ಎಲ್ರಿ? ಪ್ರತಿ ವರ್ಷ ಬರ್ತಾರ, ಮುಂದಿನ ವರ್ಷ ಕಲ್ಲು ತರ್ತೇನಿ ಅಂತಾರ. ನಾವ್ ನಗತಿದ್ವಿ" ಎಂದರು.

ಕಾಕಾ ತೀರಿಕೊಂಡದ್ದು ಅವರಿಗೆ ಗೊತ್ತಿರಲಿಲ್ಲ. ನಾನೇ ಹೇಳಬೇಕಾಯಿತು. ಮುದುಕಿ ಕಲ್ಲಿನ ಪಕ್ಕ ಕೂತುಬಿಟ್ಟರು.

ಆಮೇಲೆ ಒಂದೊಂದೇ ಹೊರಬಿತ್ತು. ಕಾಕಾ ಸೈನಿಕರಾಗಿರಲಿಲ್ಲ. ಸೈನ್ಯದ ಠಾಣ್ಯದಲ್ಲಿ ಗುತ್ತಿಗೆದಾರನ ಕೈಕೆಳಗೆ ಚಹಾ ಕಾಸುತ್ತಿದ್ದರು. ನದಿ ದಾಟಿದವನು ಈ ತಂಗಿಯ ಅಣ್ಣ. ಎದೆಯ ಬೇನೆ ಹಚ್ಚಿಕೊಂಡು ಮನೆಗೆ ಬಂದಾಗ ಜೊತೆಗೆ ಕಾಕಾನೂ ಬಂದರಂತೆ, ಎರಡು ತಿಂಗಳು ಇಲ್ಲೇ ಇದ್ದು ಉಣಿಸಿ, ತೊಳೆದು, ಕೊನೆಗೆ ಗದ್ದೆಯ ಅಂಚಿನಲ್ಲಿ ಮಣ್ಣಿಗಿಡುವಾಗ ಹೆಗಲು ಕೊಟ್ಟರಂತೆ. "ಅಣ್ಣಾ ಮಾತಾಡಾಂವ ಅಲ್ರಿ. ಕೆಮ್ಮಿನಾಗ ಅಷ್ಟಿಷ್ಟು ಹೇಳಾಂವ. ಇವರು ಕೇಳಿ ಕೇಳಿ ಇಟ್ಟಕೊಳ್ಳಾವ್ರು" ಎಂದರು. ಬೆಲ್ಟು ಅಣ್ಣನದು. ಪುಸ್ತಕವನ್ನು ಕಾಕಾನಿಗೆ ಇವರೇ ಕೊಟ್ಟಿದ್ದರು.

"ಮತ್ತೆ ಅವರ ಕಾಲು?" ಎಂದೆ.

"ನಮ್ಮ ಹಲಸಿನ ಮರದಿಂದ ಬಿದ್ದಿದ್ರು. ಅಣ್ಣಾಗ ಹಣ್ಣು ತಿನ್ನಬೇಕು ಅನ್ಸಿತ್ತು."

ಹಲಸಿನ ಮರ! ಇಡೀ ಶಾಲೆಯನ್ನು ಸಾಲಾಗಿ ನಿಲ್ಲಿಸಿ, ಮೈಕು ಹಿಡಿದು, ಆ ಕಾಲಿಗೆ ನಾನು ಚಪ್ಪಾಳೆ ಹೊಡೆಸಿದ್ದೆ.

"ಅವರು ಸೈನಿಕರಲ್ಲ ಅಂತ ನಿಮಗೆ ಗೊತ್ತಿತ್ತಾ?" ಎಂದು ಕೇಳಿದೆ. ನನ್ನ ದನಿ ಏರಿತ್ತು.

"ಇಲ್ಲಿ ಎಲ್ರಿಗೂ ಗೊತ್ತೈತಿ" ಎಂದು ಅವರು ಬೆರಗಾಗಿ ನನ್ನನ್ನು ನೋಡಿದರು. ಆಮೇಲೆ, "ಹಂಗಾದ್ರ ಅವರಿಗೆ ಕಲ್ಲು?" ಎಂದರು.

ಅವರಿಗೆ ಯಾಕೆ ಕಲ್ಲು ಎಂದು ಬಾಯಿಯವರೆಗೆ ಬಂದಿತ್ತು. ನುಂಗಿಕೊಂಡೆ. ಅವರು ಕೊಟ್ಟ ಬೆಲ್ಲ ನೀರನ್ನೂ ಮುಟ್ಟದೆ ಗಾಡಿ ಹತ್ತಿದೆ.

ದಾರಿಯುದ್ದಕ್ಕೂ ಕುದಿಯುತ್ತಿದ್ದೆ. ಗೆಳೆಯ ಮೊದಲೇ ಸತ್ತಿದ್ದಕ್ಕೆ ಅವನಿಗೆ ಕಲ್ಲಿಲ್ಲ, ಸರಿ. ಅದಕ್ಕೆ ಕಾಕಾ ತನ್ನ ಸಾವಿನ ಕಾಗದವನ್ನೇ ಗೆಳೆಯನಿಗೆ ಕೊಟ್ಟರು, ಅದೂ ಸರಿ. ದೊಡ್ಡ ಮನಸ್ಸು ಎಂದು ನೀವು ಹೇಳಬಹುದು. ಹೇಳಿ. ಆದರೆ ಸುಳ್ಳಿಗೆ ಬಿದ್ದ ಸಹಿ ಯಾರದು? ನನ್ನದು. ಖಬರಸ್ತಾನದಲ್ಲಿ ಜಾಗವಿಲ್ಲ, ಮೇಲೆ ಅಗೆಯುತ್ತಾರೆ ಎಂದು ಹೇಳಿ ನನ್ನ ಕಣ್ಣಲ್ಲಿ ನೀರು ತರಿಸಿದರಲ್ಲ, ಅದೇಕೆ? ನಿಜ ಹೇಳಿದ್ದರೆ ನಾನು ಬೈದು, ಜಗಳವಾಡಿ, ಆ ಸೈನಿಕನಿಗಾಗಿ ಹತ್ತು ಅರ್ಜಿ ಬರೆಯುತ್ತಿದ್ದೆ. ನಲವತ್ತು ವರ್ಷದಲ್ಲಿ ಒಂದು ದಿನವೂ ನನ್ನನ್ನು ನಂಬಬೇಕು ಎನಿಸಲಿಲ್ಲವೇ ಆ ಮನುಷ್ಯನಿಗೆ? ನಮ್ಮ ಶಾಲೆಯಿಂದ ಭರ್ತಿಯಾದವನೊಬ್ಬ ಮರುವರ್ಷ ರಜೆಯಲ್ಲಿ ಬಂದು, ಕಾಕಾನ ಗೋರಿ ಎಲ್ಲಿ, ಒಂದು ಸೆಲ್ಯೂಟ್ ಹೊಡೆಯಬೇಕು ಎಂದ. ಗೇಟಿನವರೆಗೆ ಕರೆದುಕೊಂಡು ಹೋಗಿ ಬೇವಿನ ಗಿಡ ತೋರಿಸಿದೆ. ಅವನು ಒಳಗೆ ಹೋಗಿ ಎದೆಯುಬ್ಬಿಸಿ ನಿಂತದ್ದನ್ನು ಹೊರಗಿನಿಂದ ನೋಡಿದೆ. ಬಾಯಿ ಬಿಡಲಿಲ್ಲ. ಅಂದಿನಿಂದ ಕಾಕಾನ ಸುಳ್ಳು ನನ್ನದೂ ಆಯಿತು.

ಖಬರಸ್ತಾನ ನೋಡಿಕೊಳ್ಳುವವರು ಎರಡು ಸಲ ಹೇಳಿ ಕಳಿಸಿದ್ದರು. ಕಲ್ಲು ಬರುತ್ತದೆ ಎಂದಿದ್ದಿರಲ್ಲ, ಏನಾದರೂ ಒಂದು ಗುರುತು ಇಡಿಸಿ, ಮಳೆಗೆ ಮಣ್ಣು ಕೂತುಹೋಗಿದೆ ಎಂದು. ಮೊದಲ ಸಲ ನೋಡೋಣ ಎಂದೆ. ಎರಡನೇ ಸಲ, "ನಂಗೇನ್ ಸಂಬಂಧ? ಅವರೇನು ನಮ್ಮ ಮನಿಯವರಾ?" ಎಂದುಬಿಟ್ಟೆ. ಸಿಟ್ಟಿನಲ್ಲಿ ಅಂದದ್ದು. ಸಿಟ್ಟು ಇಳಿದ ಮೇಲೆ ಇಡಿಸಿದರಾಯಿತು, ಒಂದು ಕಲ್ಲಿಗೇನು ಬರ ಎಂದುಕೊಂಡಿದ್ದೆ. ಸಿಟ್ಟು ಇಳಿಯಲಿಲ್ಲ. ಬೆಲ್ಟನ್ನು ಕಪಾಟಿನ ತಳಕ್ಕೆ ತುರುಕಿದ್ದೆ, ಅದು ಅಲ್ಲೇ ಇತ್ತು.

ಹೋದ ವಾರ ಆ ಪಾತ್ರೆ ಅಂಗಡಿಯಲ್ಲಿ ಕೊಡ ಕಟ್ಟಿಸಿಕೊಂಡು, ಒಂದು ಡಬ್ಬಿ ಪಾಲಿಶ್ ಕೂಡ ತೆಗೆದುಕೊಂಡೆ. ಯಾಕೆಂದು ಕೇಳಬೇಡಿ. ಮನೆಗೆ ಬಂದು ಕಪಾಟು ತೆಗೆದರೆ ಬಕ್ಕಲ್ಲಿನ ಮೇಲೆ ಹಸಿರು ಕಿಲುಬು ಕೂತಿತ್ತು. ಕೂತು ತಿಕ್ಕಿದೆ. ತಿಕ್ಕುತ್ತ ತಿಕ್ಕುತ್ತ ಬೈದೆ, ಬಾಯಿಬಿಟ್ಟೇ ಬೈದೆ. ಎದುರಿಗೆ ನಿಂತು ಬೈಯದೆ ಇದು ಮುಗಿಯುವುದಿಲ್ಲ ಎನಿಸಿತು. ಮರುದಿನ ಬೆಳಿಗ್ಗೆ ಬೆಲ್ಟನ್ನು ಚೀಲದಲ್ಲಿ ಹಾಕಿಕೊಂಡು ಖಬರಸ್ತಾನದ ಗೇಟಿಗೆ ಹೋದೆ. ಹೋಗುವ ದಾರಿಯಲ್ಲಿ ಕಲ್ಲು ಕೆತ್ತುವವರ ಹತ್ತಿರವೂ ನಿಂತು, ಬರೀ ಹೆಸರು ಹಾಕುವುದಕ್ಕೆ ಎಷ್ಟು ದಿನ ಬೇಕೆಂದು ಕೇಳಿಕೊಂಡಿದ್ದೆ.

ನೋಡಿಕೊಳ್ಳುವವರು ಗೇಟಿಗೆ ಬಂದರು. ನಾನು ಬೇವಿನ ಗಿಡದ ಕಡೆ ಕೈ ತೋರಿಸಿದೆ. ಅಲ್ಲಿ ಹೊಸ ಮಣ್ಣು, ಉದ್ದಕ್ಕೆ ಸುಣ್ಣ ಬಳಿದ ಸಣ್ಣ ಕಲ್ಲುಗಳು.

"ಹೋದ ಮಳಿಗಾಲದಾಗ ಒಬ್ರ ಹೆಣ್ಣಮಗಳನ್ನ ಅಲ್ಲೇ ಇಟ್ಟೇವ್ರಿ ಅಕ್ಕೋರ. ಗುರುತ ಇರಲಿಲ್ಲಲ್ರಿ. ನಿಮಗ ಎರಡ ಸಲ ಹೇಳಿ ಕಳಿಸಿದ್ನಿ" ಎಂದರು.

ಹಾಗಾದರೆ ಅದೊಂದು ಮಾತು ನಿಜವಾಗಿತ್ತು. ಕಾಕಾ ನನಗೆ ಹೇಳಿದ್ದರಲ್ಲಿ ಅದೂ, ಚಹಾದ ಮಾತೂ.

ಗೇಟಿನ ಸರಳು ಹಿಡಿದು ನಿಂತೆ. ಹೇಳಬೇಕಾದದ್ದೆಲ್ಲ ನಾಲಗೆಯ ತುದಿಯಲ್ಲಿಯೇ ಇತ್ತು. ಆದರೆ ಅಲ್ಲಿ ಮಲಗಿದ್ದವಳು ಯಾರೋ ತಾಯಿ, ಅವಳಿಗೇಕೆ ನನ್ನ ಬೈಗುಳ... ನೀವೇ ಹೇಳಿ, ಯಾವ ಕಡೆ ಮುಖ ಮಾಡಿ ಬೈಯಲಿ ನಾನು ಈಗ?