ತಿರುಗಿಸಲು ಮರೆತ ಗುಂಡಿ

ಜಪಾನಿನ ಸುವಾ ಕೆರೆಯ ದಂಡೆಯ ನಮ್ಮ ಬೀದಿಯಲ್ಲಿ ಮುದುಕರ ಮುಖಗಳೆಲ್ಲ ಎಯ್ಸಾಕು ಅವರ ಕೈಯಲ್ಲಿದ್ದವು. ಯುದ್ಧ ಮುಗಿದ ಮೇಲೆ ಮೀಸೆ ಮೂಡುವ ಮೊದಲೇ ಕೆರೆಯಂಚಿನ ಕಾರ್ಖಾನೆ ಸೇರಿದವರು ಅವರು. ಒಂದರ ಮೇಲೊಂದು ಎರಡು ಕಣ್ಣಿರುವ ಪೆಟ್ಟಿಗೆ ಕ್ಯಾಮೆರಾ ಅಲ್ಲಿ ತಯಾರಾಗುತ್ತಿತ್ತು. ಜರ್ಮನಿಯದನ್ನು ಕೊಳ್ಳಲಾಗದವರ ಪಾಲಿನದು. ಅಗ್ಗದ್ದಾದ್ದರಿಂದ ಎಲ್ಲವನ್ನೂ ಕೈಯಿಂದಲೇ ಮಾಡಬೇಕು. ಒಂದು ಚಿತ್ರವಾದ ಮೇಲೆ ಪಕ್ಕದ ಗುಂಡಿ ತಿರುಗಿಸಿ ರೀಲು ಮುಂದೆ ಸರಿಸದಿದ್ದರೆ ಅದರ ಮೇಲೆಯೇ ಇನ್ನೊಂದು ಚಿತ್ರ ಬೀಳುತ್ತದೆ. ಕಾರ್ಖಾನೆ ಮುಚ್ಚುವವರೆಗೂ ಎಯ್ಸಾಕು ಮಾಡಿದ್ದು ಒಂದೇ ಕೆಲಸ, ಆ ಗುಂಡಿ ಕೂರಿಸುವುದು.

ಆಮೇಲೆ ಸೋಯಾ ಕಾಳು ಹುದುಗಿಸಿ ಮಿಸೊ ಮಾಡುವ ಪೀಪಾಯಿಗಳನ್ನು ತೊಳೆದು ಬದುಕಿದರು. ಹೆಂಡತಿ ಹೋದಳು, ಕ್ಯಾಮೆರಾ ಉಳಿಯಿತು. ಪ್ರತಿ ಸೆಪ್ಟೆಂಬರಿನ ಹಿರಿಯರ ದಿನ ಬೀದಿಯ ಮುದುಕರೆಲ್ಲ ಒಳ್ಳೆಯ ಬಟ್ಟೆ ತೊಟ್ಟು ಅವರ ಮುಂದೆ ಕೂರುತ್ತಿದ್ದರು. ಸತ್ತಾಗ ಧೂಪ ಹಾಕುವ ಪೀಠದ ಮೇಲಿಡುವ ಮುಖ ಅದು. ಯಾರಾದರೂ ಹೋಗುವ ತನಕ ಆ ರೀಲನ್ನು ತೊಳೆಯುವಂತಿಲ್ಲ. ತೊಳೆದರೆ ಸಾವಿಗೆ ಅವಸರ ಮಾಡಿದಂತೆ.

ಆ ವರ್ಷ ನನ್ನ ದೊಡ್ಡಪ್ಪ ರೊಕುಸುಕೆ ಕೂತು ಎದ್ದ. ಹಿಂದೆಯೇ ದೊಡ್ಡಮ್ಮ ತೊಮೆಯೊ ಬಂದಳು. ದೊಡ್ಡಪ್ಪನಿಗೆ ಎಯ್ಸಾಕು ಬಾಗಿದರು, ಅವನೂ ಬಾಗಿದ. ದೊಡ್ಡಮ್ಮ ಬಾಗಿದಳು, ಎಯ್ಸಾಕು ಅದಕ್ಕಿಂತ ಕೆಳಗೆ ಬಾಗಿದರು. ತಾನು ಬಾಗಿದ್ದು ಕಡಿಮೆಯಾಯಿತೆಂದು ಅವಳು ಮತ್ತೆ ಬಾಗಿದಳು. ನಮ್ಮಲ್ಲಿ ಇದಕ್ಕೆ ಕೊನೆಯೆಲ್ಲಿ? ಆ ಮರ್ಯಾದೆಯ ಗಲಾಟೆಯಲ್ಲಿ ಗುಂಡಿ ಮರೆತೇಹೋಯಿತು.

ಚಳಿ ಶುರುವಾಗುತ್ತಲೇ ದೊಡ್ಡಪ್ಪ ತೀರಿಕೊಂಡ. ಕತ್ತಲೆ ಮಾಡಿದ ಬಚ್ಚಲಲ್ಲಿ ರೀಲು ತೊಳೆದು ಬಂದ ಎಯ್ಸಾಕು ಮನೆಯೊಳಗೆ ಹತ್ತಲಿಲ್ಲ. ಚಪ್ಪಲಿ ಬಿಡುವ ನೆಲದಲ್ಲೇ ಹಣೆ ಊರಿ ಚಿತ್ರವನ್ನು ಮುಂದೆ ತಳ್ಳಿದರು. ದೊಡ್ಡಪ್ಪನ ಬೋಳು ತಲೆಯ ಮೇಲೆ ದೊಡ್ಡಮ್ಮನ ಬಿಳಿ ತುರುಬು. ಅವನ ಮೂಗಿನ ಮೇಲೆ ಇವಳ ಕನ್ನಡಕ.

"ಬದುಕಿರೋ ತನಕ ನನ್ನ ಒಂದು ಮಾತೂ ತಲೆಗೆ ಹಾಕ್ಕೊಳ್ಲಿಲ್ಲ ಇವ್ನು," ಎಂದಳು ದೊಡ್ಡಮ್ಮ. "ಈಗ ನೋಡು, ಕೂದ್ಲೇ ಹಾಕ್ಕೊಂಡಿದಾನೆ."

ಯಾರೋ ನಕ್ಕರು. ಬದುಕಿರುವವಳ ಮುಖವನ್ನು ಪೀಠದ ಮೇಲೆ ಇಡುವಂತಿಲ್ಲ. ನಾನು ಎಯ್ಸಾಕು ಅವರ ಮೇಲೆ ಹರಿಹಾಯ್ದೆ.

"ಕಣ್ಣು ಕಾಣ್ದಿದ್ರೆ ಬಿಟ್ಬಿಡ್ಬೇಕಪ್ಪ. ಇನ್ನೊಬ್ರ ಸಾವಲ್ಲಿ ಆಟ ಆಡ್ಬಾರ್ದು."

"ಕಣ್ಣು ಕಾಣ್ಸುತ್ತೆ," ಎಂದರು ಎಯ್ಸಾಕು, ನೆಲಕ್ಕೇ ಹೇಳುವಂತೆ. "ಕೈ ಮರೀತು. ನಾನೇ ಕೂರಿಸ್ತಿದ್ದ ಗುಂಡಿ."

ಕೊನೆಗೆ ದೊಡ್ಡಪ್ಪನ ಲಾರಿ ಲೈಸೆನ್ಸಿನ ಚಿತ್ರವನ್ನೇ ದೊಡ್ಡದು ಮಾಡಿಸಿದೆವು. ಪೊಲೀಸರ ಕೈಗೆ ಸಿಕ್ಕಿಬಿದ್ದವನಂತೆ ಅವನು ಹೂಗಳ ನಡುವಿನಿಂದ ದುರುಗುಟ್ಟಿದ. ಎಯ್ಸಾಕು ಒಳಗೆ ಬಂದು ಧೂಪ ಹಾಕಲಿಲ್ಲ. ಬಂದವರ ಚಪ್ಪಲಿ ಜೋಡಿಸುತ್ತ ಹೊರಗೇ ಇದ್ದರು.

ಆಮೇಲೆ ಅವರು ನಮ್ಮ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟರು. ತೋಫು ಬೇಕಾದರೂ ನನ್ನ ಅಂಗಡಿಗೆ ಬರದೆ ಕೆರೆ ಏರಿ ಸುತ್ತಿಕೊಂಡು ಬೇರೆಡೆ ಹೋಗುತ್ತಿದ್ದರು. ಮರುವರ್ಷದ ಹಿರಿಯರ ದಿನ ಕ್ಯಾಮೆರಾ ಹೊರಗೆ ಬರಲಿಲ್ಲ. ದೊಡ್ಡಮ್ಮ ನನ್ನ ತೋಳು ಹಿಡಿದುಕೊಂಡು ಅವರ ಮನೆಗೇ ಹೋದಳು.

"ಎಯ್ಸಾಕು, ನಂಗೆ ಲೈಸೆನ್ಸೂ ಇಲ್ಲ. ನೀನು ತೆಗೀದಿದ್ರೆ ನಾನು ಮುಖ ಇಲ್ದೆ ಹೋಗ್ಬೇಕು."

"ಈ ಕೈಯಿಂದ ಬೇಡಕ್ಕಾ."

"ಬೇರೆ ಕೈ ಇದ್ರೆ ತಗೊಂಬಾ."

ಅವರು ಕ್ಯಾಮೆರಾವನ್ನು ಹೊಟ್ಟೆಗಾನಿಸಿ, ಬಿಂಬ ಮೂಡುವ ಮೇಲಿನ ಗಾಜು ನೋಡಲು ತಲೆ ತಗ್ಗಿಸಿದರು. ತಗ್ಗಿದ ತಲೆ ಏಳಲೇ ಇಲ್ಲ.

"ಕ್ಷಮೆ ಕೇಳಿದ್ದು ಸಾಕು, ಏಳೋ."

"ಕ್ಷಮೆ ಅಲ್ಲಕ್ಕಾ. ನಿನ್ನೇ ನೋಡ್ತಿದೀನಿ."

ಕ್ಲಿಕ್ ಎಂದಿತು. ಹಳೆಯ ಅಭ್ಯಾಸ, ಅವರ ಸೊಂಟ ತಾನಾಗಿ ಬಾಗತೊಡಗಿತು. ದೊಡ್ಡಮ್ಮ ಊರುಗೋಲನ್ನು ನೆಲಕ್ಕೆ ಕುಟ್ಟಿದಳು.

"ಬಾಗೋದು ಆಮೇಲೆ. ಮೊದ್ಲು ತಿರುಗ್ಸು."

ಎಯ್ಸಾಕು ಅವರ ಕಿವಿಗಳು ಕೆಂಪಾದವು. ಗುಂಡಿ ತಿರುಗಿಸಿದರು. ಮುಂದಿನ ಅಂಕಿ ಕಾಣುವ ಹಿಂಬದಿಯ ಕೆಂಪು ಕಿಂಡಿಯನ್ನು, ನಾನು ಕೇಳದಿದ್ದರೂ, ನನ್ನ ಕಡೆ ಹಿಡಿದು ತೋರಿಸಿದರು; ಮೇಷ್ಟ್ರಿಗೆ ಸ್ಲೇಟು ತೋರಿಸುವಂತೆ. ನೋಡಿ ತಲೆಯಾಡಿಸಿದೆ.

ಆಮೇಲೆ ಅವರು ಬಾಗಿದರು. ದೊಡ್ಡಮ್ಮನೂ ಬಾಗಿದಳು. ನಾನೂ ಬಾಗಿದೆ. ಮೊದಲು ತಲೆ ಎತ್ತಲು ನನಗೆ ಮುಖವಿರಲಿಲ್ಲ.