ರಾಸಾತ್ತಿಯ ಜೊತೆ ಕುನ್ನತ್ತೂರಿಗೆ

ಕಾಶಿಗೆ ಹೋದವರು ಕಾಶಿಯ ಬಗ್ಗೆ ಬರೆಯುತ್ತಾರೆ, ಕನ್ಯಾಕುಮಾರಿಗೆ ಹೋದವರು ಸಮುದ್ರದ ಬಗ್ಗೆ. ನಾನು ಹೋದದ್ದು ಕೊಯಮತ್ತೂರಿನಿಂದ ಕುನ್ನತ್ತೂರಿಗೆ, ಸುಮಾರು ಮೂವತ್ತೈದು ಮೈಲಿ. ಇಷ್ಟಕ್ಕೇ ಪ್ರವಾಸ ಕಥನವೇ ಎಂದು ನಗುವವರು ನಗಲಿ. ಸವತಿಯ ಮಡಿಲಲ್ಲಿ ಕೂತು ಮೂವತ್ತೈದು ಮೈಲಿ ಹೋಗಿ ಬನ್ನಿ, ಆಮೇಲೆ ಮಾತಾಡೋಣ.

ಸವತಿ ಎಂದರೆ ನಮ್ಮವರ ಪಿಕಪ್ ಗಾಡಿ. ಮಹಾಯುದ್ಧಕ್ಕೆ ಮುಂಚಿನದು, ಪೊಳ್ಳಾಚಿ ಕಡೆಯ ತೆಂಗಿನ ತೋಟದವರಿಂದ ಕೊಂಡು ತಂದದ್ದು. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ನೂಲಿನ ಮೂಟೆ ಸಾಗಿಸುವುದು ನಮ್ಮವರ ಕಸುಬು. ಅದಕ್ಕೊಂದು ಗಾಡಿ ಬೇಕು, ಸರಿ. ಆದರೆ ಗಾಡಿಗೆ ರಾಸಾತ್ತಿ ಎಂದು ಹೆಸರಿಡಬೇಕೇ? ನಮ್ಮ ಕಡೆಯ ತಮಿಳಿನಲ್ಲಿ ಮುದ್ದಿನ ಹೆಣ್ಣುಮಗುವನ್ನು ಹಾಗೆ ಕರೆಯುತ್ತಾರೆ, ನಮ್ಮ ರಾಣಿ ಎನ್ನುವ ಹಾಗೆ. ಬೆಳಿಗ್ಗೆ ಎದ್ದ ಕೂಡಲೇ ಇವರಿಗೆ ಅವಳ ಮುಖ ನೋಡಬೇಕು. ಅವಳಿಗೆ ಸ್ನಾನ, ಅವಳಿಗೆ ವಿಭೂತಿ, ಶುಕ್ರವಾರ ಬಂದರೆ ಸೇವಂತಿಗೆ ಹಾರ. ನನಗೆ ಒಂದು ಮೊಳ ಮಲ್ಲಿಗೆ ತರಬೇಕೆಂದರೆ ಮಾತ್ರ ಮರೆವು. ಹೌದು, ನನಗೆ ಹೊಟ್ಟೆಕಿಚ್ಚು. ಅದರಲ್ಲಿ ಬಚ್ಚಿಡುವುದೇನಿದೆ?

ಸಂಕ್ರಾಂತಿ ಕಳೆದ ತೈ ತಿಂಗಳ ಒಂದು ಬುಧವಾರ ನನ್ನ ತಂಗಿ ಗೌರಿಗೆ ಕುನ್ನತ್ತೂರಿನ ಗಂಡನ ಮನೆಯಲ್ಲಿ ಬಳೆ ತೊಡಿಸುವ ಶಾಸ್ತ್ರ ಇತ್ತು. ಅವಳಿಗೆ ಏಳು ತಿಂಗಳು ತುಂಬಿತ್ತು. ನಮಗೆ ಅಮ್ಮ ಇಲ್ಲ. ಗೌರಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು, ಆದ್ದರಿಂದ ತಾಯಿಯ ಜಾಗದಲ್ಲಿ ಕೂತು ಮೊದಲ ಬಳೆ ತೊಡಿಸಬೇಕಾದವಳೂ ನಾನೇ. ಹನ್ನೆರಡಕ್ಕೆ ರಾಹುಕಾಲ ಬರುವುದರೊಳಗೆ ಶಾಸ್ತ್ರ ಮುಗಿಯಬೇಕು. ನಾನು ತಲುಪದಿದ್ದರೆ ಆ ಬಳೆ ಯಾರ ಕೈಗೆ ಹೋಗುತ್ತದೆ ಎನ್ನುವುದೂ ಗೊತ್ತಿತ್ತು. ಗೌರಿಯ ಓರಗಿತ್ತಿ ಮರಗತ! ಗೌರಿಯ ಬಾಯಲ್ಲಿ ಈಚೆಗೆ ಬರೀ ಅವಳದೇ ಮಾತು. ಮರಗತಕ್ಕ ಹೀಗೆ ಅಂದರು, ಮರಗತಕ್ಕ ಹಾಗೆ ಮಾಡಿದರು. ಒಡಹುಟ್ಟಿದ ಅಕ್ಕ ನಾನು ಬದುಕಿರುವಾಗ ಅವಳೆಲ್ಲಿಯ ಅಕ್ಕ?

ಹಿಂದಿನ ದಿನವೇ ಹೇಳಿದ್ದೆ. “ಬಸ್ಸಿಗೆ ಹೋಗೋಣ ರೀ. ಅವಿನಾಶಿವರೆಗೆ ಒಂದು, ಅಲ್ಲಿಂದ ಕುನ್ನತ್ತೂರಿಗೆ ಇನ್ನೊಂದು. ನಿಶ್ಚಿಂತೆ.”

“ಮನೇಲಿ ರಾಸಾತ್ತಿ ಇರೋವಾಗ ಬಸ್ಸಾ? ನೋಡಿದವ್ರು ಏನಂತಾರೆ?” ಎಂದರು ನಮ್ಮವರು. ಅಲ್ಲಿಗೆ ಮಾತು ಮುಗಿಯಿತು.

ಏಳು ಗಂಟೆ ದಾಟಿದ ಮೇಲೆ ಹೊರಟೆವು. ಹಿಂದೆ ತವರಿನ ಕಡೆಯಿಂದ ಒಯ್ಯಬೇಕಾದ ಐದು ಬಗೆಯ ಅನ್ನದ ಪಾತ್ರೆಗಳು, ಬಾಯಿಗೆ ಬಟ್ಟೆ ಬಿಗಿದು ಕಟ್ಟಿದವು: ಪುಳಿಯೋಗರೆ, ತೆಂಗಿನಕಾಯಿ ಅನ್ನ, ಮೊಸರನ್ನ, ಸಿಹಿ ಪೊಂಗಲ್, ನಿಂಬೆಹಣ್ಣಿನ ಚಿತ್ರಾನ್ನ. ಬಳೆಯ ಪೆಟ್ಟಿಗೆ ನನ್ನ ತೊಡೆಯ ಮೇಲೆ. ಪೀಳಮೇಡಿನ ಗಿರಣಿಗಳ ಮುಂದೆ ಪಾಳಿ ಬದಲಾಗಿ ಸೈಕಲ್ಲುಗಳು ಸಾಲಾಗಿ ಬರುತ್ತಿದ್ದವು. ಚಳಿ ಇನ್ನೂ ಬಿಟ್ಟಿರಲಿಲ್ಲ. ರಸ್ತೆಯ ಎರಡೂ ಕಡೆ ಹತ್ತಿ ಒಡೆದು ಬೆಳ್ಳಗೆ ನಿಂತಿತ್ತು, ಬಾವಿಗಳಲ್ಲಿ ಎತ್ತು ಹೂಡಿ ಕಪಿಲೆ ಹೊಡೆಯುವವರ ಕೂಗು ಕೇಳುತ್ತಿತ್ತು. ನಾನು ಗೌರಿಯ ವಿಷಯ ಹೇಳುತ್ತಿದ್ದೆ. ಇವರು “ಹೂಂ” ಎನ್ನುತ್ತಿದ್ದರು. ಕಿವಿ ಮಾತ್ರ ಇಂಜಿನ್ ಕಡೆಗೇ.

ಚಿನ್ನಿಯಂಪಾಳ್ಯ ದಾಟುತ್ತಿದ್ದಂತೆ ರಾಸಾತ್ತಿ ಒಮ್ಮೆ ಮುಗ್ಗರಿಸಿದಳು. ಮತ್ತೆ ಸರಿಯಾದಳು. ಮತ್ತೆ ಮುಗ್ಗರಿಸಿದಳು. ನಾಲ್ವರು ಸೇರಿ ಭತ್ತ ಕುಟ್ಟುವಾಗ ಒಬ್ಬಳ ಒನಕೆ ಮಾತ್ರ ತಪ್ಪುತ್ತಿದ್ದರೆ ಹೇಗೆ ಕೇಳುತ್ತದೋ, ಹಾಗೆ. ಇವರ ಮುಖ ಸಣ್ಣದಾಯಿತು. ನನಗೆ ಹೆರಿಗೆ ನೋವು ಬಂದಾಗಲೂ ಆ ಮುಖ ಅಷ್ಟು ಸಣ್ಣದಾಗಿರಲಿಲ್ಲ.

ಹುಣಸೆಮರದ ಕೆಳಗೆ ನಿಲ್ಲಿಸಿದರು. “ಪೆಟ್ರೋಲಲ್ಲಿ ಕಸ ಬಂದಿರ್ಬೇಕು” ಎಂದು ಕೊಳವೆ ಬಿಚ್ಚಿ ಬಾಯಿಂದ ಊದಿದರು, ಕಾರ್ಬರೇಟರ್ ಬಿಚ್ಚಿ ತೊಳೆದರು. ಮತ್ತೆ ಹೊರಟರೆ ಎರಡು ಮೈಲಿ ಸರಾಗ, ಆಮೇಲೆ ಅದೇ ರಾಗ. ಕರುಮತ್ತಂಪಟ್ಟಿಯ ಹತ್ತಿರ ಬರುವಷ್ಟರಲ್ಲಿ ಎಳೆಯಲಾರದೆ ಏದುಸಿರು ಬಿಡತೊಡಗಿದಳು.

ಇನ್ನೊಂದು ಮರದ ಕೆಳಗೆ ಮತ್ತೆ ನಿಂತೆವು. ಈ ಸಲ ಇಂಜಿನ್ ಓಡುತ್ತಿರುವಾಗಲೇ ಪ್ಲಗ್ಗಿನ ತಂತಿಗಳನ್ನು ಒಣಬಟ್ಟೆ ಹಿಡಿದು ಒಂದೊಂದಾಗಿ ಕಿತ್ತು ನೋಡಿದರು. ಮೊದಲನೆಯದನ್ನು ಕಿತ್ತರೆ ಇಂಜಿನ್ನಿನ ಸದ್ದು ಕುಗ್ಗಿತು, ಎರಡನೆಯದಕ್ಕೂ ಕುಗ್ಗಿತು. ಮೂರನೆಯದಕ್ಕೆ ಕೈ ಹಾಕಿದ್ದೇ ತಡ, “ಅಮ್ಮಾ!” ಎಂದು ಕರೆಂಟು ಹೊಡೆಸಿಕೊಂಡು ಹಾರಿ ಬಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಮತ್ತೆ ಧೈರ್ಯ ಮಾಡಿ ಕಿತ್ತರು. ಸದ್ದಿನಲ್ಲಿ ಏನೂ ವ್ಯತ್ಯಾಸವಿಲ್ಲ.

“ಮೂರನೇದು ಸುಮ್ನೆ ಕೂತ್ಬಿಟ್ಟಿದೆ” ಎಂದರು. “ಮಿಕ್ಕ ಮೂರೇ ಎಳೀತಿರೋದು.”

ಆ ಪ್ಲಗ್ಗನ್ನು ಬಿಚ್ಚಿ, ಉಜ್ಜಿ, ಎರಡನೆಯದರ ಜಾಗಕ್ಕೆ ಹಾಕಿದರು. ಎರಡನೆಯದನ್ನು ಮೂರನೆಯದಕ್ಕೆ ಹಾಕಿದರು. ಆದರೂ ಮೂರನೆಯದೇ ಕೆಲಸ ಮಾಡಲಿಲ್ಲ. ಹಾಗಾದರೆ ಪ್ಲಗ್ಗು ಚೆನ್ನಾಗಿದೆ, ತಪ್ಪು ಅದಕ್ಕೆ ಬರುವ ತಂತಿಯಲ್ಲಿದೆ. ಇಷ್ಟು ನನಗೂ ಅರ್ಥವಾಯಿತು. ಇವರಿಗೆ ಅರ್ಥವಾಗದೆ ಇರುತ್ತದೆಯೇ? ಆದರೂ ತಂತಿಯ ಸುದ್ದಿಗೆ ಹೋಗದೆ ಮತ್ತೆ ಪೆಟ್ರೋಲಿನ ಕೊಳವೆ ಹಿಡಿದುಕೊಂಡರು. ನಾನು ನೋಡಲು ಹೋದರೆ ಬಾನೆಟ್ಟಿಗೆ ಅಡ್ಡ ನಿಂತು, “ನೀನ್ಯಾಕೆ ಬಂದೆ, ಎಣ್ಣೆ ಆಗುತ್ತೆ, ರೇಷ್ಮೆ ಸೀರೆ” ಎಂದರು. ನನ್ನ ಸೀರೆಯ ಮೇಲೆ ಇವರಿಗೆ ಕಾಳಜಿ ಹುಟ್ಟಿದ್ದು ಅಂದೇ ಮೊದಲು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಅಷ್ಟರಲ್ಲಿ ಅವಿನಾಶಿಯ ಬಸ್ಸು ಬಂತು. ಕಂಡಕ್ಟರು ತಲೆ ಹೊರಗೆ ಹಾಕಿ, “ಏನುಂಗಮ್ಮಾ, ವರ್ರೀಂಗಳಾ?” ಬರುತ್ತೀರಾ ಎಂದು ಕೇಳಿದ. ಹತ್ತು ಗಂಟೆಯಾಗಿತ್ತು. ಹತ್ತಿದ್ದರೆ ಗೌರಿಯ ಕೈಗೆ ಮೊದಲ ಬಳೆ ನನ್ನದೇ.

“ಇನ್ನೈದು ನಿಮಿಷ, ಆಗೋಯ್ತು” ಎಂದರು ನಮ್ಮವರು, ತಲೆ ಎತ್ತದೆ.

ಐದು ಪಾತ್ರೆಗಳನ್ನು ಇಳಿಸಿ ಏರಿಸುವುದು ಕಷ್ಟ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಲೇ? ಆ ಮರದ ನೆರಳಲ್ಲಿ ಇವರನ್ನು ಅವಳೊಬ್ಬಳ ಜೊತೆ ಬಿಟ್ಟು ಹೋಗಲು ನನಗೆ ಮನಸ್ಸು ಬರಲಿಲ್ಲ. ಬಸ್ಸು ಹೊರಟುಹೋಯಿತು. ಅದರ ಧೂಳಿನಲ್ಲಿ ಮರಗತ ನನ್ನ ಮಣೆಯ ಮೇಲೆ ಕೂತು ನಗುತ್ತಿರುವುದು ಕಂಡಂತಾಯಿತು.

ಧೂಳು ಇಳಿಯುತ್ತಿದ್ದಂತೆ ಮೂಗಿಗೊಂದು ವಾಸನೆ ಬಂತು. ನಿಂಬೆಹಣ್ಣು! ಚಿತ್ರಾನ್ನದ ಪಾತ್ರೆ ಉರುಳಿತೋ ಏನೋ ಎಂದು ಗಾಬರಿಯಾಗಿ ಹಿಂದಕ್ಕೆ ಓಡಿದೆ. ಕಟ್ಟಿದ ಬಟ್ಟೆ ಕಟ್ಟಿದ ಹಾಗೇ ಇತ್ತು. ಮತ್ತೆ ಮುಂದಕ್ಕೆ ಬಂದೆ, ವಾಸನೆ ಹೆಚ್ಚಾಯಿತು. ಹಸಿಯ ವಾಸನೆಯೂ ಅಲ್ಲ, ಒಲೆಯ ಮೇಲೆ ಉಪ್ಪಿನಕಾಯಿಗೆ ನಿಂಬೆಹಣ್ಣು ಬೇಯಿಸುವಾಗ ಬರುವಂಥದ್ದು.

“ಸರೀರಿ ಆಚೆ” ಎಂದು ಇವರನ್ನು ಪಕ್ಕಕ್ಕೆ ತಳ್ಳಿ ಬಾನೆಟ್ಟಿನೊಳಗೆ ಬಗ್ಗಿದೆ. ಕಪ್ಪು ದಾರದಲ್ಲಿ ಪೋಣಿಸಿದ ನಿಂಬೆಹಣ್ಣು, ಮೇಲೊಂದು ಕೆಳಗೊಂದು ಹಸಿಮೆಣಸಿನಕಾಯಿ, ನೇರವಾಗಿ ಮೂರನೆಯ ತಂತಿಯ ಮೇಲೆ ನೇತಾಡುತ್ತಿತ್ತು. ಇಂಜಿನ್ನಿನ ಕಾವಿಗೆ ಬೆಂದು ಒಡೆದು, ರಸವೆಲ್ಲ ಬಟ್ಟೆ ಸುತ್ತಿದ ಆ ಹಳೆಯ ತಂತಿಗೂ ಪ್ಲಗ್ಗಿನ ಬಿಳಿಯ ಪಿಂಗಾಣಿಗೂ ಇಳಿದಿತ್ತು. ಒಳಗೆ ಕಿಡಿ ಹಾರಿಸಬೇಕಾದ ಕರೆಂಟು ಆ ಒದ್ದೆಯಲ್ಲೇ ಹೊರಗೆ ಹರಿದುಹೋಗುತ್ತಿತ್ತು. ಇವರಿಗೆ ಹೊಡೆದದ್ದೂ ಅದೇ.

“ಇದೇನ್ರೀ ಇದು?”

“ತಿಷ್ಟಿ ಆಗ್ಬಾರ್ದು ಅಂತ...”

ದೃಷ್ಟಿಗೆ ನಿಂಬೆಹಣ್ಣು ಕಟ್ಟುವುದು ಹೊಸದೇ? ಕೊಯಮತ್ತೂರಿನಲ್ಲಿ ಅದಿಲ್ಲದ ಗಾಡಿಯೇ ಇಲ್ಲ. ಆದರೆ ಎಲ್ಲರೂ ಕಟ್ಟುವುದು ಗಾಡಿಯ ಮುಂದೆ, ನಾಲ್ಕು ಜನರಿಗೆ ಕಾಣುವ ಹಾಗೆ.

“ಎಲ್ರೂ ಮುಂದೆ ಕಟ್ತಾರೆ. ನೀವು ಯಾಕೆ ಒಳಗೆ ಬಚ್ಚಿಟ್ರಿ?”

ಇವರು ಸ್ಕ್ರೂಡ್ರೈವರ್ ಒರೆಸುತ್ತಾ ನಿಂತರು. “ಮುಂದೆ ಕಟ್ಟಿದ್ರೆ ನೀನು ನೋಡ್ತಿದ್ದೆ.”

“ನೋಡಿದ್ರೆ?”

“ಯಾರ ತಿಷ್ಟಿಗೆ ಅಂತ ಕೇಳ್ತಿದ್ದೆ. ದಿನಾ ಬೆಳಗ್ಗೆ ಅವಳನ್ನ ಅದೊಂಥರಾ ನೋಡ್ತೀಯಲ್ಲಾ ನೀನು...”

ಅಬ್ಬಬ್ಬಾ! ನನ್ನ ಕಣ್ಣಿಗೆ! ಕಟ್ಟಿಕೊಂಡ ಹೆಂಡತಿಯ ಕಣ್ಣು ಆ ತುಕ್ಕು ಹಿಡಿದ ತಗಡಿಗೆ ತಾಕದಿರಲಿ ಎಂದು! ಸಿಟ್ಟು ನೆತ್ತಿಗೇರಿತು. ಅದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದಕ್ಕೆ. ಇಷ್ಟು ವರ್ಷಗಳಲ್ಲಿ ನನಗೆ ಯಾರ ಕಣ್ಣಾದರೂ ಬೀಳಬಹುದೆಂದು ಈ ಮನುಷ್ಯ ಒಂದು ದಿನ ಹೆದರಿದ್ದುಂಟೇ?

“ಒರೆಸೋದಕ್ಕೆ ಒಣಬಟ್ಟೆ ಇಲ್ಲ, ಎಲ್ಲಾ ಎಣ್ಣೆ” ಎಂದು ಗೊಣಗಿದರು.

“ನಿಮ್ಮ ಶಲ್ಯ ಇದೆಯಲ್ಲ.”

“ಜರಿ ಶಲ್ಯ ಕಣೇ, ಶಾಸ್ತ್ರಕ್ಕೆ ಅಂತ...”

“ಒರೆಸಿ.”

ಒರೆಸಿದರು. ತಂತಿಯನ್ನು ಬಿಸಿಲಿಗೆ ಹಿಡಿದು ಒಣಗಿಸಿ, ಕಪ್ಪು ಟೇಪು ಸುತ್ತಿ ಸಿಕ್ಕಿಸಿದರು. ರಾಸಾತ್ತಿ ನಾಲ್ಕೂ ಒನಕೆ ಸರಿಯಾಗಿ ಹಾಕುತ್ತಾ ಹೊರಟಳು. ಅವಿನಾಶಿಯಲ್ಲಿ ಕಾಫಿಗೂ ಇಳಿಯಲಿಲ್ಲ. ಕುನ್ನತ್ತೂರಿನಲ್ಲಿ ಅಂದು ಸಂತೆ ಬೇರೆ, ದನಗಳ ಮಧ್ಯೆ ದಾರಿ ಬಿಡಿಸಿಕೊಂಡು ಮನೆ ಮುಟ್ಟುವಾಗ ಹನ್ನೆರಡಕ್ಕೆ ಸ್ವಲ್ಪವೇ ಬಾಕಿ.

ಒಳಗೆ ಹಾಡು ಕೇಳುತ್ತಿತ್ತು. ಗೌರಿ ಮಣೆಯ ಮೇಲೆ ಕೂತಿದ್ದಳು. ಬಲಗೈ ತುಂಬಾ ಹಸಿರು ಕೆಂಪು ಬಳೆ. ಎದುರಿಗೆ ನನ್ನ ಜಾಗದಲ್ಲಿ ಮರಗತ. ನನಗೆ ಎದೆಯೊಳಗೆ ಒಲೆ ಹಚ್ಚಿದಂತಾಯಿತು.

“ಯಾಕಕ್ಕಾ ಇಷ್ಟೊತ್ತು? ಟೈಮ್ ಆಗೋಗುತ್ತೆ ಅಂತ ಅತ್ತೆ ಶುರು ಮಾಡ್ಸಿದ್ರು” ಎಂದಳು ಗೌರಿ. ಕಣ್ಣು ತುಂಬಿತ್ತು. “ಎಡಗೈ ನಾನು ಕೊಡಲೇ ಇಲ್ಲ. ಮರಗತಕ್ಕ ಕೇಳಿದ್ರು. ನಮ್ಮಕ್ಕ ಬರ್ತಾಳೆ ಅಂದೆ.”

ಮರಗತ ಎದ್ದು ಜಾಗ ಬಿಟ್ಟಳು. ನಾನು ಕೂತು ಆ ಬರಿಯ ಎಡಗೈ ಹಿಡಿದು ಬಳೆ ತೊಡಿಸಿದೆ. ಒಂದೂ ಒಡೆಯಲಿಲ್ಲ. ಬಲಗೈ ಅವಳದಾಯಿತಲ್ಲ ಎಂಬ ಉರಿ ಇನ್ನೂ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಬಳೆ ಎಣಿಸಿದೆ ಎಂದುಕೊಳ್ಳಬೇಡಿ. ನೋಡಿದರೇ ಗೊತ್ತಾಗುತ್ತಿತ್ತು, ಎಡಗೈಗೇ ಜಾಸ್ತಿ. ಆಮೇಲೆ ಬಂದ ಮುತ್ತೈದೆಯರಿಗೆಲ್ಲ ಬಳೆ ತೊಡಿಸುವಾಗ ನನ್ನ ಕೈಗೂ ಹಸಿರು ಬಳೆ ಬಂತು.

ಸಂಜೆ ಹೊರಟೆವು. ಗಾಳಿ ತಣ್ಣಗಿತ್ತು, ರಾಸಾತ್ತಿಯ ಸದ್ದಿನಲ್ಲಿ ಒಂದು ಎಳೆ ತಪ್ಪಿಲ್ಲ. ಅವಿನಾಶಿಯ ಪೇಟೆಯಲ್ಲಿ ಗಾಡಿ ನಿಲ್ಲಿಸಿ ಇವರು ಇಳಿದುಹೋದರು. ನಿಂಬೆಹಣ್ಣು ಮಾರುವವಳ ಮುಂದೆ ಕೂತು ಆರಿಸುತ್ತಿದ್ದರು. ಮತ್ತೆ ಆ ರಾಸಾತ್ತಿಗೇ! ನಾನು ಮುಖ ಆಚೆ ತಿರುಗಿಸಿದೆ.

ಬಂದವರು ಈ ಸಲ ಬಾನೆಟ್ಟು ಎತ್ತಲಿಲ್ಲ. ಊರಿಗೆಲ್ಲ ಕಾಣುವ ಹಾಗೆ ಮುಂದೆಯೇ ಕಟ್ಟಿದರು. ಆಮೇಲೆ ನನ್ನ ಬಾಗಿಲ ಹತ್ತಿರ ಬಂದು ಇನ್ನೊಂದು ನಿಂಬೆಹಣ್ಣು ಚಾಚಿದರು.

“ಇದು ಯಾಕೆ?”

“ಹೊಸ ಬಳೆ ಹಾಕ್ಕೊಂಡು ಕೂತಿದೀಯ. ರಾಸಾತ್ತಿ ಬೆಳಗ್ಗಿಂದ ಒಂಥರಾ ನೋಡ್ತಿದಾಳೆ ನಿನ್ನ.”

ನಾನು ನಗಲಿಲ್ಲ. ಕೈ ಚಾಚಿ ತೆಗೆದುಕೊಂಡೆ, ಅಷ್ಟೇ. ಗಾಡಿ ಹೊರಟ ಮೇಲೆ ಆ ನಿಂಬೆಹಣ್ಣನ್ನು ಮುಂದಿನ ಗಾಜಿನ ಕೆಳಗೆ, ರಾಸಾತ್ತಿಗೆ ಚೆನ್ನಾಗಿ ಕಾಣುವ ಹಾಗೆ ಇಟ್ಟುಕೊಂಡು ಕೊಯಮತ್ತೂರಿನವರೆಗೂ ಬಂದೆ.