ಕರುವಿಗೆ ಅಕ್ಕ ಕೊಟ್ಟ ಮೊದಲ ನೀರು

ನಾನು ಚಿಕ್ಕವನಿದ್ದಾಗ ಒಂದು ಕಡೆ ಕೂತವನೇ ಅಲ್ಲ. "ಶಿವ ಇವನ ಕಾಲಿಗೆ ಚಕ್ರ ಕಟ್ಟೇ ಕಳಿಸವ್ನೆ" ಅಂತ ಅಜ್ಜಿ ಬೈಯುತ್ತಿದ್ದಳು. ನಗಬೇಡಿ ಮಕ್ಕಳೇ, ಈಗಲೂ ಹಾಗೇ ಅಂತ ನನಗೂ ಗೊತ್ತು. ಆದರೆ ಈಗ ಹೇಳುವ ದಿನ ನಮ್ಮ ಮನೆಯಲ್ಲಿ ಅಕ್ಕನೊಬ್ಬಳನ್ನು ಬಿಟ್ಟು ಯಾರಿಗೂ ಕೂರಲಾಗಲಿಲ್ಲ.

ನಮ್ಮೂರು ಹರವೆಯ ಹತ್ತಿರ. ಅಪ್ಪ ತೆರಕಣಾಂಬಿ ಸಂತೆಯಲ್ಲಿ ಒಂದು ಹೆಣ್ಣುಕರು ಕೊಂಡು, ಅದನ್ನು ಊರಿನತನಕ ನಡೆಸಿಕೊಂಡೇ ತಂದರು. ಬೇಸಿಗೆ ಬೇರೆ. ಸಂತೆಯ ಮರುದಿನ ಬೆಳಿಗ್ಗೆ ಬಾಗಿಲಿಗೆ ಬಂದು ನಿಂತಾಗ ಕರುವಿನ ರೆಪ್ಪೆಯ ಮೇಲೆಲ್ಲ ಕೆಂಪು ಧೂಳು. ಮೂಗು ಒಣಗಿ ಬಿರುಕು ಬಿಟ್ಟಿತ್ತು. ನನ್ನ ಅಂಗೈ ನೆಕ್ಕಿದರೆ ನಾಲಿಗೆ ತೆಂಗಿನ ನಾರಿನಂತೆ ತರಿತರಿಯಾಗಿತ್ತು.

ಮನೆಗೆ ಹೊಸ ದನ ಬಂದರೆ ಕೈಗುಣ ಚೆನ್ನಾಗಿರುವವರು ಮೊದಲ ನೀರು ಕೊಡಬೇಕು. ಅದು ಹೊಟ್ಟೆ ತುಂಬ ಕುಡಿದರೆ ಆ ಮನೆಗೆ ಒಗ್ಗಿಕೊಂಡಿತು ಅಂತ ಲೆಕ್ಕ. ನಮ್ಮ ಬೀದಿಯಲ್ಲಿ ಕೈಗುಣ ಅಂದರೆ ಅಕ್ಕನದೇ. ಅವಳು ಊರಿದ ಅವರೆಬೀಜ ಒಂದೂ ಹುಸಿಹೋಗುತ್ತಿರಲಿಲ್ಲ. ಮೊದಲ ಬೀಜ ಹಾಕಲು ಪಕ್ಕದ ಮನೆಯವರೂ ಅವಳನ್ನೇ ಕರೆಯುತ್ತಿದ್ದರು. ಆ ಹೆಮ್ಮೆ ಅವಳಿಗೆ ಬಳೆಗಿಂತ ಹೆಚ್ಚಾಗಿತ್ತು.

ಅಕ್ಕ ಬಕೆಟ್ ಇಟ್ಟಳು. ಕರು ಮೂತಿ ಮುಳುಗಿಸಿ ಗೊಟಗೊಟ ಕುಡಿಯಿತು. "ಏನ್ ದಾಹ ನೋಡ್ಲಾ ಇದಕ್ಕೆ! ಇನ್ನೊಂದ್ ಬಕೀಟು ತತ್ತಾ" ಅಂದಳು. ನಾನು ಬಾವಿಗೂ ಬಾಗಿಲಿಗೂ ಓಡಾಡಿದೆ. ತಂದದ್ದೆಲ್ಲ ಖಾಲಿಯಾಯಿತು. ಹೊಟ್ಟೆ ಎರಡು ಕಡೆಗೂ ಉಬ್ಬಿಕೊಂಡಿತು. ಅಜ್ಜಿಗೆ ಪರಮಾನಂದ.

ಸ್ವಲ್ಪ ಹೊತ್ತಿಗೆ ಕೊಟ್ಟಿಗೆಯಿಂದ ಅಕ್ಕ ಕಿರುಚಿದಳು. ಕರುವಿನ ಗಂಜಲ ಬೀಟ್‌ರೂಟ್ ಬೇಯಿಸಿದ ನೀರಿನಂತೆ ಕೆಂಪಗೆ ಹರಿಯುತ್ತಿತ್ತು. ಕರು ತಲೆ ಜೋತುಹಾಕಿ ನಡುಗುತ್ತಿತ್ತು.

"ಅಯ್ಯಯ್ಯೋ, ರಕ್ತ ಕಣ್ಲಾ!" ಅಂತ ಅಜ್ಜಿ ಎದೆ ಬಡಿದುಕೊಂಡಳು. ಆಮೇಲೆ ಅಕ್ಕನ ಕಡೆ ತಿರುಗಿದಳು. "ಏನ್ ಮಾಡ್ಬುಟ್ಟೆ ಕಣಮ್ಮಿ? ನಿನ್ ಕೈಗೆ ಏನ್ ಸೇರ್ಕತೋ ಕಾಣೆ. ಇನ್ಮೇಲೆ ಬೀಜ ಹಾಕಾಕೆ ಯಾರ್ ಕರೆದ್ರೂ ಓಗ್ಬ್ಯಾಡ."

ಅಕ್ಕ ಅಳಲಿಲ್ಲ. ಗೋಡೆಗೆ ಒರಗಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಅವುಗಳ ಮೇಲೆಯೇ ಕೂತುಬಿಟ್ಟಳು. ಕರು ಅವಳ ಕಡೆ ನೋಡಿ ಅರಚಿದರೂ ಮುಟ್ಟಲಿಲ್ಲ. ನನಗೆ ಕರುವಿಗಿಂತ ಅವಳನ್ನು ನೋಡಿಯೇ ಹೆಚ್ಚು ಭಯವಾಯಿತು.

ಅಪ್ಪ ಸೈಕಲ್ ಹತ್ತಿ ಹರವೆಗೆ, ದನದ ಡಾಕ್ಟರನ್ನು ಕರೆತರಲು ಹೋದರು. ನಾನು ಕಾಲು ಸುಟ್ಟ ಬೆಕ್ಕಿನಂತೆ ದಾರಿ ಕಾಣುವ ಹುಣಸೆಮರಕ್ಕೂ ಕೊಟ್ಟಿಗೆಗೂ ಅಲೆದೆ. ಮರದ ಬುಡಕ್ಕೆ ಹೋದರೆ ಕರು ಸತ್ತೇ ಹೋಯಿತೇನೋ ಅನ್ನಿಸುತ್ತಿತ್ತು, ಕೊಟ್ಟಿಗೆಗೆ ಬಂದರೆ ಸೈಕಲ್ ಬಂದೇ ಬಿಟ್ಟಿತೇನೋ ಅನ್ನಿಸುತ್ತಿತ್ತು. ಅಜ್ಜಿ ಒಳಗೆ ಹೋಗಿ ವಿಭೂತಿ ತರುವಳು, ಹಚ್ಚುವಳು, ಮತ್ತೆ ಒಳಗೆ ಹೋಗುವಳು. ಹಾಳಾದ್ದು ಹೊತ್ತು ಕದಲಲೇ ಇಲ್ಲ.

ಕಡೆಗೂ ಡಾಕ್ಟರು ಅಪ್ಪನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಬಂದರು. ಯಾರು ನೀರು ಕೊಟ್ಟರು ಅಂತ ಅಜ್ಜಿ ಶುರುಮಾಡಿದಳು. "ಯಾರು ಅನ್ನೋದು ಬುಡೀಮ್ಮ. ಎಷ್ಟು ಕುಡೀತು? ಅದಕ್ಕೆ ಮೊದಲು ಯಾವಾಗ ಕುಡಿದಿತ್ತು?" ಅಂದರು ಡಾಕ್ಟರು.

ಅಪ್ಪ ತಲೆ ತಗ್ಗಿಸಿದರು. "ಸಂತೇಲಿ ನಿಂತಾಗ್ಲಿಂದ ಇಲ್ಲ ಸಾ. ನೀರ್ ಕುಡುದ್ರೆ ದಾರೀಲಿ ನಡೆಯಕಿಲ್ಲ ಅಂತ ನಾನೂ ಕುಡಿಸ್ನಿಲ್ಲ."

ಡಾಕ್ಟರು ಉಪ್ಪುನೀರಿನ ಬಾಟಲಿಯನ್ನು ತೊಲೆಗೆ ತೂಗುಹಾಕಿ, ಕರುವಿನ ಕತ್ತಿನ ನರಕ್ಕೆ ಸೂಜಿ ಚುಚ್ಚಿದರು. ಹನಿ ಇಳಿಯುತ್ತಿರುವಾಗ ನಮಗೆಲ್ಲ ಬಿಡಿಸಿ ಹೇಳಿದರು. ರಕ್ತದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿವೆ, ಒಂದೊಂದಕ್ಕೂ ತೆಳ್ಳಗಿನ ಪೊರೆಯಿದೆ. ಆ ಪೊರೆ ನೀರನ್ನು ಸಲೀಸಾಗಿ ಬಿಡುತ್ತದೆ, ಉಪ್ಪನ್ನು ಹಾಗೆ ಬಿಡುವುದಿಲ್ಲ. ಪೊರೆಯ ಒಳಗೂ ಹೊರಗೂ ಉಪ್ಪಿನ ಹದ ಸಮವಾಗಿದ್ದರೆ ಕಣ ಸುಖವಾಗಿರುತ್ತದೆ. ಬಾಯಾರಿ ಬಂದ ಕರು ಒಂದೇ ಸಲ ಬರೀ ನೀರನ್ನೇ ಕುಡಿದರೆ ಹೊರಗಿನ ರಕ್ತ ಸಪ್ಪೆಯಾಗುತ್ತದೆ. ಆಗ ನೀರು ಪೊರೆ ದಾಟಿ ಒಳಗೆ ನುಗ್ಗುತ್ತದೆ.

"ನೆನೆಯಾಕಿದ ಅವರೆಕಾಳು ಉಬ್ಬಂಗಾ ಸಾ?" ಅಂದಳು ಅಕ್ಕ. ಅಜ್ಜಿ ಬೈದ ಮೇಲೆ ಅವಳು ಆಡಿದ ಮೊದಲ ಮಾತು ಅದು.

"ಅದೇ ಕಣಮ್ಮ. ಉಬ್ಬಿ ಉಬ್ಬಿ ಒಡೆದೋಗ್ತವೆ. ಆ ಕೆಂಪೇ ಗಂಜಲದಲ್ಲಿ ಬರ್ತಿರೋದು. ನಿನ್ನ ಕೈಯಲ್ಲಿ ಏನೂ ದೋಷ ಇಲ್ಲ." ಹೊರಡುವಾಗ, "ಇನ್ನು ಅದು ಎಷ್ಟೇ ಕೂಗಲಿ, ಚಿಟಿಕೆ ಉಪ್ಪು ಹಾಕಿ ಚೊಂಬು ಚೊಂಬೇ ಕೊಡಿ. ಉಳಕೊಂಡರೂ ಉಳಕೊಳ್ಳಬಹುದು" ಅಂದರು.

ಅಪ್ಪ ಚೊಂಬು ಹಿಡಿದರು. ಕರು ಮುಖ ತಿರುಗಿಸಿತು. ನಾನು ಹಿಡಿದರೂ ಅಷ್ಟೇ. ಅಜ್ಜಿ ಅದನ್ನು ನೋಡಿ, ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ನನ್ ಬಾಯಿಗಿಷ್ಟು ಮಣ್ಣಾಕ! ಏಳು ಕಣಮ್ಮಿ, ನೀನೇ ಕೊಡು" ಅಂತ ಅವಳ ಕೈಗಳನ್ನು ಎಳೆದು ಚೊಂಬು ಇಟ್ಟಳು. ಅಕ್ಕ ಚೊಂಬು ಬಗ್ಗಿಸುವಾಗ ಅರ್ಧ ನೀರು ಚೆಲ್ಲಿತು. ಉಳಿದರ್ಧವನ್ನು ಕರು ಕುಡಿಯಿತು. ಆಗ ಅಕ್ಕ ಗೊಳೋ ಅಂತ ಅತ್ತಳು.

ಸಂಜೆಯ ಹೊತ್ತಿಗೆ ಕೆಂಪು ತಿಳಿಯಾಯಿತು. ಮರುದಿನ ಬೆಳಿಗ್ಗೆ ಕರು ಹಳದಿ ಗಂಜಲ ಹೊಯ್ದಾಗ ನಾವೆಲ್ಲ ಬಗ್ಗಿ ನೋಡಿ ಕೇಕೆ ಹಾಕಿದೆವು. ಗಂಜಲ ನೋಡಿ ಕುಣಿದ ಮನೆ ಜಿಲ್ಲೆಯಲ್ಲಿ ನಮ್ಮದೊಂದೇ ಇರಬೇಕು!

ಮೊನ್ನೆ ನಿಮ್ಮಲ್ಲಿ ದೊಡ್ಡವಳು ಗುಂಡ್ಲುಪೇಟೆಯ ಶಾಲೆಯಿಂದ ಬಂದವಳೇ ಫೋನ್ ತೋರಿಸಿದಳು. ಪರದೆಯ ಮೇಲೆ ಒಂದು ರಕ್ತಕಣ ನೀರಿನಲ್ಲಿ ಉಬ್ಬಿ ಪಟ್ಟನೆ ಒಡೆಯಿತು. "ಇದಕ್ಕೇ ಅಭಿಸರಣೆ ಅನ್ನೋದು ತಾತ, ಮೂರು ಮಾರ್ಕಿಗೆ ಗ್ಯಾರಂಟಿ" ಅಂದಳು. ನಾನು ಕರುವಿನ ಸುದ್ದಿ ಎತ್ತಿದ್ದಕ್ಕೆ ಚಿಕ್ಕವನು, "ಅವತ್ತೇ ಫೋನಲ್ಲಿ ನೋಡ್ಬಾರ್ದಿತ್ತಾ?" ಅಂದ. ನೋಡಬಹುದಿತ್ತು ಮರಿ, ಫೋನು ಹುಟ್ಟಿರಬೇಕಿತ್ತಲ್ಲ! ನಿಮಗೆ ಕಾರಣಗಳೆಲ್ಲ ಬೆರಳ ತುದಿಯಲ್ಲೇ ಸಿಗುತ್ತವೆ, ನನಗೆ ಅದನ್ನು ಕಂಡರೆ ಹೊಟ್ಟೆಕಿಚ್ಚು. ನಮ್ಮ ಕಾಲದಲ್ಲಿ ಕಾರಣ ಅನ್ನುವುದು ಹರವೆಯಿಂದ ಸೈಕಲ್ ಕ್ಯಾರಿಯರ್ ಮೇಲೆ ಕೂತು ಬರಬೇಕಿತ್ತು. ಅದು ಬರುವವರೆಗೆ ಒಬ್ಬ ಹುಡುಗಿ ತನ್ನ ಕೈಗಳ ಮೇಲೆ ತಾನೇ ಕೂತಿರಬೇಕಿತ್ತು.